ಒಂದೇ ಸ್ಕ್ರಿಪ್ಟ್, ಬೇರೆ ಬೇರೆ ಹೆಸರು

ಸರ್ವರ್‌ನಲ್ಲಿ ಒಂದೇ ಸರ್ವೀಸನ್ನು ಎರಡು ಮೂರು ಕಡೆ ಓಡಿಸಬೇಕು ಅಂದ ಕೂಡಲೇ ನಮ್ಮವರ ಕೈ ಹೋಗೋದು ಕಾಪಿ ಪೇಸ್ಟ್ ಕಡೆಗೆ. ಸ್ಟಾರ್ಟಪ್ ಸ್ಕ್ರಿಪ್ಟನ್ನು ನಕಲು ಮಾಡು, ಹೆಸರಿನ ಕೊನೆಗೆ 2 ಸೇರಿಸು, ಪೋರ್ಟ್ ನಂಬರ್ ಬದಲಿಸು, ಮುಗೀತು. ಅವತ್ತಿಗೆ ಮುಗಿದೂ ಹೋಗುತ್ತೆ. ತೊಂದರೆ ಶುರುವಾಗೋದು ಸರ್ವರ್ ರೀಬೂಟ್ ಆದ ದಿನ.

ರೆಡಿಸ್‌ನೇ ತಗೊಳ್ಳಿ. ಮೆಮೊರಿ ತುಂಬಿದರೆ ಏನು ಮಾಡಬೇಕು ಅನ್ನೋ ನಿಯಮ ಅದರಲ್ಲಿ ಇಡೀ ಇನ್‌ಸ್ಟೆನ್ಸ್‌ಗೆ ಒಂದೇ. ಕ್ಯಾಶ್‌ನಲ್ಲಿರೋ (ದುಡ್ಡಲ್ಲ, ಡೇಟಾಬೇಸ್‌ನಿಂದ ಮತ್ತೆ ತಂದುಕೊಳ್ಳಬಹುದಾದ ಪ್ರತಿ) ಹಳೇದನ್ನು ಬಿಸಾಡಿದರೂ ನಡೆಯುತ್ತೆ. ಆದರೆ ಆರ್ಡರ್‌ಗಳ ಕ್ಯೂನಿಂದ ಒಂದನ್ನೂ ಬಿಸಾಡುವಂತಿಲ್ಲ. ಹಾಗಾಗಿ 6379ನೇ ಪೋರ್ಟ್‌ನಲ್ಲಿ ಕ್ಯಾಶ್, 6380ರಲ್ಲಿ ಕ್ಯೂ ಅಂತ ಬೇರೆಯಾಗಿ ಓಡಿಸೋದು ಸರಿಯಾದ ಕ್ರಮವೇ.

ನನಗೆ ಗೊತ್ತಿರುವ ಒಂದು ಆಫೀಸಿನಲ್ಲೂ ಹೀಗೇ ಮಾಡಿದ್ದರು. ಪೋರ್ಟ್ ಬದಲಾಗಿತ್ತು, ಡೇಟಾ ಫೋಲ್ಡರ್ ಮಾತ್ರ ಬದಲಾಗಿರಲಿಲ್ಲ. ಎರಡೂ ಇನ್‌ಸ್ಟೆನ್ಸ್‌ಗಳು ತಮ್ಮ ಡೇಟಾವನ್ನು ಒಂದೇ ಫೈಲಿಗೆ ಉಳಿಸುತ್ತಿದ್ದವು. ಕೊನೆಗೆ ಬರೆದವರದ್ದೇ ಉಳಿಯೋದು. ಓಡುತ್ತಿರುವಾಗ ಡೇಟಾ ಮೆಮೊರಿಯಲ್ಲೇ ಇರುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಒಂದು ರಾತ್ರಿ ರೀಬೂಟ್ ಆಯ್ತು. ಎರಡೂ ಚೆನ್ನಾಗೇ ಎದ್ದವು, ಆದರೆ ಎರಡರಲ್ಲೂ ಇದ್ದದ್ದು ಕ್ಯಾಶ್‌ನ ಡೇಟಾ. ಕಾಯುತ್ತಿದ್ದ ಆರ್ಡರ್‌ಗಳೇ ಇಲ್ಲ! ದುಡ್ಡು ಕಟ್ಟಿದ ಗ್ರಾಹಕರು ಫೋನ್ ಮಾಡಿ ಬೈದಂತೆಲ್ಲ ಪಟ್ಟಿ ತಯಾರಾಯ್ತು. ಸ್ಕ್ರಿಪ್ಟ್ ನಕಲು ಮಾಡಿದವರು ಕೆಲಸ ಬಿಟ್ಟು ಆಗಲೇ ವರ್ಷವಾಗಿತ್ತು.

ಸ್ಟಾಪ್ ಮಾಡೋದೂ ಹೀಗೇ. ಸ್ಕ್ರಿಪ್ಟ್ ಸಾಮಾನ್ಯವಾಗಿ ಪಿಐಡಿ ಫೈಲಿನಲ್ಲಿ ಬರೆದಿಟ್ಟ ಪ್ರಾಸೆಸ್ ನಂಬರ್ ಓದಿ ಸಿಗ್ನಲ್ ಕಳಿಸುತ್ತೆ. ಇಬ್ಬರಿಗೂ ಒಂದೇ ಫೈಲ್ ಇದ್ದರೆ ಯಾರು ನಿಲ್ಲುತ್ತಾರೋ ಅದೃಷ್ಟ. ಇನ್ನು ಕೆಲವರು ಸ್ಕ್ರಿಪ್ಟ್‌ನಲ್ಲಿ ಕಿಲ್‌ಆಲ್ ಬರೆದಿರುತ್ತಾರೆ. ಅದು ಮೂರನೇ ಮನೆಯ ಫ್ಯೂಸ್ ತೆಗೆಯೋಕೆ ಹೋಗಿ ಇಡೀ ವಠಾರದ ಮೇನ್ ಎಳೆದ ಹಾಗೆ.

ಇದಕ್ಕೆ ಯುನಿಕ್ಸ್‌ನಲ್ಲಿ ಹಳೇ ಉಪಾಯವೊಂದಿದೆ. ತನ್ನನ್ನು ಯಾವ ಹೆಸರಿನಿಂದ ಕರೆದರು ಅನ್ನೋದು $0 ಮೂಲಕ ಸ್ಕ್ರಿಪ್ಟಿಗೇ ಗೊತ್ತಾಗುತ್ತೆ. ಸ್ಕ್ರಿಪ್ಟ್ ಒಂದೇ ಇಟ್ಟು, ಬೇರೆ ಬೇರೆ ಹೆಸರಿನ ಸಿಮ್‌ಲಿಂಕ್ ಮಾಡಿ. ಕಾನ್ಫಿಗ್, ಡೇಟಾ ಫೋಲ್ಡರ್, ಪಿಐಡಿ ಫೈಲ್, ಲಾಗ್ ನಾಲ್ಕನ್ನೂ ಆ ಹೆಸರಿನಿಂದಲೇ ಹುಟ್ಟಿಸಿ. ಜೆಂಟೂ ಲಿನಕ್ಸ್‌ನ ನೆಟ್‌ವರ್ಕ್ ಸ್ಕ್ರಿಪ್ಟ್‌ಗಳು ಹೀಗೇ ಕೆಲಸ ಮಾಡುತ್ತವೆ. ಒಂದು ಎಚ್ಚರ: ಹಳೇ ಇನಿಟ್ ವ್ಯವಸ್ಥೆಯಲ್ಲಿ ಬೂಟ್ ಆಗುವಾಗ ಹೆಸರಿನ ಮುಂದೆ ಎಸ್20 ಥರದ ಬಾಲಂಗೋಚಿ ಅಂಟಿರುತ್ತೆ, ಅದನ್ನು ಕತ್ತರಿಸಿ ಓದಬೇಕು. ಕೈಯಲ್ಲಿ ಸ್ಟಾರ್ಟ್ ಮಾಡಿದರೆ ಓಡುತ್ತೆ, ಬೂಟ್‌ನಲ್ಲಿ ಏಳಲ್ಲ ಅಂತ ತಲೆ ಕೆರೆದುಕೊಳ್ಳೋರು ಮೊದಲು ಇಲ್ಲಿ ನೋಡಿ.

ಈಗ ಹೆಚ್ಚಿನ ಕಡೆ ಇರೋದು ಸಿಸ್ಟಮ್‌ಡಿ. ಅದರಲ್ಲೂ ಇದೇ ಉಪಾಯ, ಇನ್ನೂ ನೀಟಾಗಿ. ಯುನಿಟ್ ಫೈಲಿನ ಹೆಸರು @ ಚಿಹ್ನೆಯಲ್ಲಿ ಮುಗಿದರೆ ಅದು ಟೆಂಪ್ಲೇಟ್. ಸ್ಟಾರ್ಟ್ ಮಾಡುವಾಗ @ ಆದಮೇಲೆ ಬರೆದ ಹೆಸರು, ಫೈಲಿನೊಳಗೆ %ಐ ಇರೋ ಕಡೆಯೆಲ್ಲ ಬಂದು ಕೂರುತ್ತೆ. ಯಾವ ಪ್ರಾಸೆಸ್ ಯಾರದ್ದು ಅಂತ ಸಿಸ್ಟಮ್‌ಡಿ ತಾನೇ ಗುಂಪು ಮಾಡಿ ಲೆಕ್ಕ ಇಡೋದರಿಂದ ಪಿಐಡಿ ಫೈಲಿನ ಗೋಳೂ ಕಡಿಮೆ. ಆದರೆ ಡೇಟಾ ಫೋಲ್ಡರ್ ಬೇರೆ ಮಾಡೋ ಕೆಲಸ ಇನ್ನೂ ನಮ್ಮದೇ. ಜೊತೆಗೆ ಪ್ರತಿ ಇನ್‌ಸ್ಟೆನ್ಸನ್ನೂ ಎನೇಬಲ್ ಮಾಡಬೇಕು. ಬರೀ ಸ್ಟಾರ್ಟ್ ಮಾಡಿದ್ದು ಮುಂದಿನ ಬೂಟ್‌ಗೆ ಏಳಲ್ಲ.

ಹೆಸರಿಡುವಾಗ 6380 ಅಂತ ಇಡಬೇಡಿ, ಕ್ಯೂ ಅಂತಲೇ ಇಡಿ. ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಸ್ಟಾಪ್ ಅಂತ ಟೈಪ್ ಮಾಡೋರು ಪೋರ್ಟ್ ನಂಬರ್ ನೆನಪಿಟ್ಟುಕೊಂಡಿರಲ್ಲ. ಎಲ್ಲಾ ಸಿದ್ಧವಾದ ಮೇಲೆ, ಗ್ರಾಹಕರನ್ನು ಅದರ ಮೇಲೆ ಬಿಡೋ ಮೊದಲೇ, ಹಗಲು ಹೊತ್ತಲ್ಲಿ ಒಮ್ಮೆ ರೀಬೂಟ್ ಮಾಡಿ, ಪ್ರತಿ ಇನ್‌ಸ್ಟೆನ್ಸ್‌ನಲ್ಲೂ ಅದರದ್ದೇ ಡೇಟಾ ಇದೆಯಾ ಅಂತ ಎಣಿಸಿ ನೋಡಿ.