ತಾಟು ಯಾಕ ಬ್ಯಾರೆ ಇಡಬೇಕು?

ವೈನಿ, ಮಾವಶಿ, ಓಣ್ಯಾಗಿನ ಗೆಳತ್ಯಾರ, ಇವತ್ತ ಉಪ್ಪಿನಕಾಯಿ ಬಗ್ಗೆ ಬರಿಯೂದಿಲ್ಲ. ಇವತ್ತ ಜಗಳಾ ತಗೀಲಿಕ್ಕೆ ಕೂತೇನಿ. ಸಿಟ್ಟು ಬಂದ್ರ ಬೈರಿ, ಆದ್ರ ಪೂರ್ತಿ ಓದಿ ಆಮ್ಯಾಲೆ ಬೈರಿ.

ಹೋದ ವಾರ ನಮ್ಮ ಬಳಗದಾಗ ಒಂದು ಕುಬಸ ಇತ್ತು. ಫೋನ್ ಬಂತು. "ನೀ ಒಬ್ಬಾಕೀನ ಬಾ. ಅವರಿಗೆ ಯಾಕ ತ್ರಾಸು, ಮನ್ಯಾಗ ಆರಾಮ ಇರ್ಲಿ" ಅಂದ್ರು. ದನಿ ಭಾಳ ಮೆತ್ತಗಿತ್ತು. ನನಗೂ 62 ವರ್ಷ ಆದ್ವು, ಮೆತ್ತಗಿನ ದನಿ ಒಳಗ ಏನದ ಅಂತ ತಿಳೀದ ಇರ್ತದೇನು? ಬಸರ ಹುಡುಗಿ ಇರೋ ಮನಿಗೆ ವಿಕಿರಣ ತಗೊಂಡ ಮನಷ್ಯಾ ಬರಬಾರದು, ಇಷ್ಟ. ಆ ಹುಡುಗಿ ಸಣ್ಣಾಕಿ ಇದ್ದಾಗ ಸೈಕಲ್ ಮ್ಯಾಲೆ ಕೂಡಿಸಿಕೊಂಡು ಸಾಲಿಗೆ ಬಿಟ್ಟು ಬರ್ತಿದ್ದವರು ಇವರ. "ಯಾರದು ಫೋನು?" ಅಂತ ಕೇಳಿದ್ರು. "ಗ್ಯಾಸಿನವರದು" ಅಂದೆ. ಇಬ್ಬರೂ ಹೋಗಲಿಲ್ಲ.

ನಮ್ಮನಿಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದು ನಿಮಗೆಲ್ಲಾ ಗೊತ್ತದ. ಗೊತ್ತದ ಅಂದ್ರ, 'ಅವರಿಗೆ ಕೆಳಗ ಏನೋ ಆಗೇದಂತ' ಅನ್ನೋವಷ್ಟು ಗೊತ್ತದ. ಉಳಿದದ್ದು ನಾ ಹೇಳ್ತೇನಿ, ನಾಚಿಕಿ ಬಿಟ್ಟು.

ಪ್ರಾಸ್ಟೇಟ್ ಅನ್ನೋದು ಗಂಡಸರ ಮೂತ್ರಕೋಶದ ಬುಡಕ ಇರೋ ಗ್ರಂಥಿ, ಅಕ್ರೋಟದಷ್ಟು ದೊಡ್ಡದು. ಮೂತ್ರದ ನಾಳ ಅದರ ನಡಕ ಹಾದು ಬರ್ತದ. ಇವರಿಗೆ ಐದು ವಾರ ಹೊರಗಿನ ಮಷೀನಿನಿಂದ ವಿಕಿರಣ ಕೊಟ್ಟು, ಜೋಡಿ ಒಂದು ಸಲ ಬ್ರೇಕಿಥೆರಪಿ ಮಾಡಿದ್ರು. ಬ್ರೇಕಿ ಅನ್ನೋದು ಗ್ರೀಕ್ ಶಬ್ದ, ಸಣ್ಣ ಅಂತರ ಅಂತ ಅರ್ಥ. ಅಂದ್ರ ಗಡ್ಡಿಯ ಹತ್ರನ ಹೋಗಿ ಕೊಡೋ ಚಿಕಿತ್ಸಾ.

ಸೊಂಟದ ಕೆಳಗ ಮರಗಟ್ಟಿಸಿ, ಪೊಳ್ಳು ಸೂಜಿಗಳನ್ನ ಆ ಗ್ರಂಥಿಗೆ ಚುಚ್ಚತಾರ. ತಂತಿ ತುದೀಗೆ ಇರಿಡಿಯಂ 192 ಅನ್ನೋ ವಸ್ತುವಿನ ಒಂದು ಸಣ್ಣ ಕಾಳು ಇರ್ತದ. ಮಷೀನು ಆ ತಂತೀನ್ನ ಒಂದೊಂದ ಸೂಜಿಯೊಳಗ ಕಳಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ವಾಪಸ್ ಎಳಕೋತದ. ಆಮ್ಯಾಲೆ ಸೂಜಿನೂ ತಗೀತಾರ. ಆತು, ಮುಗೀತು. ಮೈಯಾಗ ಏನೂ ಉಳಿಯೂದಿಲ್ಲ. ಬ್ಯಾಟರಿ ಆರಿಸಿದ ಮ್ಯಾಲೆ ಗ್ವಾಡಿ ಮ್ಯಾಲೆ ಬೆಳಕು ಉಳೀತದೇನು? ಹಂಗ. ಹೊರಗಿನ ಮಷೀನಿಂದೂ ಅದ ಕತಿ.

ಇದನ್ನ ಡಾಕ್ಟರು ನನ್ನ ಮುಂದನ ಹೇಳಿದ್ರು. "ಮಕ್ಕಳನ್ನ ಎತ್ತಿಕೋಬಹುದು, ಬಸರ ಹೆಂಗಸರ ಬಾಜೂಕ ಕೂಡಬಹುದು, ಯಾರಿಗೂ ಏನೂ ಆಗೂದಿಲ್ಲ" ಅಂದ್ರು. ನಾ ತಲಿ ಅಲ್ಲಾಡಿಸಿ ಬಂದೆ.

ಈಗ ನನ್ನ ತಪ್ಪು ಹೇಳ್ತೇನಿ, ಯಾಕಂದ್ರ ಬರೇ ನಿಮಗ ಬೈದ್ರ ಅದು ನ್ಯಾಯ ಅಲ್ಲ. ಮನಿಗೆ ಬಂದ ಮರುದಿವಸ ಬಾಜೂ ಮನಿಯಾಕಿ ಬಂದು, "ಕೈಗಾದಾಗ ಇರೋ ಅಂಥಾದ್ದನ್ನ ಮೈಯಾಗ ಬಿಟ್ಟಾರಂತಲ್ಲ, ಹುಷಾರವಾ, ಮೊಮ್ಮಗಳು ಬರ್ತಾಳ" ಅಂದ್ಲು. ಡಾಕ್ಟರ ಮಾತು ಒಂದು ಕಿವಿಯಾಗ ಇತ್ತು, ಆಕಿ ಮಾತು ಇನ್ನೊಂದು ಕಿವಿಯಾಗ. ಯಾವುದು ಗೆಲ್ತು ಹೇಳ್ರಿ? ಅವತ್ತ ರಾತ್ರಿಯಿಂದ ಇವರ ತಾಟು ವಾಟಿ ಬ್ಯಾರೆ ಇಟ್ಟೆ. ಅರಬಿ ಬ್ಯಾರೆ ಒಗದೆ. ಏನೂ ಹೇಳಲಿಲ್ಲ, ಸುಮ್ಮನ ಮಾಡ್ದೆ.

ಇವರೂ ಏನೂ ಕೇಳಲಿಲ್ಲ. ನಾಕನೇ ದಿವಸ ನೋಡ್ತೇನಿ, ಉಂಡ ತಾಟು ತಾವ ತೊಳದು, ಹಿತ್ತಲ ಕಟ್ಟಿ ಮ್ಯಾಲೆ ಬೋರಲ ಹಾಕಿ ಬಂದ್ರು. 38 ವರ್ಷದ ಸಂಸಾರದಾಗ ಒಂದು ಚಮಚಾ ತೊಳದ ಮನಷ್ಯಾ ಅಲ್ಲ. ನನಗ ಆಗ ತಿಳೀತು, ನಾ ಏನ ಮಾಡೇನಿ ಅಂತ. ಆ ತಾಟು ಒಳಗ ತಂದು ಎಲ್ಲಾ ತಾಟಿನ ನಡಕ ಸೇರಿಸಿದೆ. ಇವತ್ತಿಗೂ ಯಾವುದು ಅಂತ ಗುರ್ತು ಹಿಡೀಲಿಕ್ಕೆ ಬರೂದಿಲ್ಲ, ಬರೂದೂ ಬ್ಯಾಡ.

"ಹುಷಾರ ಇರೂದ್ರಾಗ ತಪ್ಪೇನದ?" ಅಂತೀರಿ. ತಪ್ಪು ಅದ. ನಿಮ್ಮ ಹುಷಾರಿಗೆ ರೊಕ್ಕಾ ಕೊಡೋರು ಬ್ಯಾರೆಯವರು. ನೀವು ಒಂದು ಮಾತು ಆಡಿ ನಿಶ್ಚಿಂತಿ ಆಗ್ತೀರಿ, ಇಲ್ಲೆ ಒಬ್ಬರು ಹಿತ್ತಲದಾಗ ತಾಟು ತೊಳೀತಾರ.

ಖರೇನ ಹುಷಾರ ಇರಬೇಕಾದ ಪದ್ಧತಿನೂ ಒಂದದ, ಅದನ್ನೂ ಹೇಳ್ತೇನಿ. ಕೆಲವರಿಗೆ ಅಯೋಡಿನ್ 125 ತುಂಬಿದ, ಅಕ್ಕಿಕಾಳಿಗಿಂತ ಸಣ್ಣ ಕಾಳುಗಳನ್ನ ಒಳಗ ಇಟ್ಟು ಅಲ್ಲೇ ಬಿಡ್ತಾರ. ಅದರ ಶಕ್ತಿ ಸುಮಾರು 60 ದಿನಕ್ಕ ಅರ್ಧಾ ಆಗ್ತದ, ಮುಂದಿನ 60 ದಿನಕ್ಕ ಅದರಾಗಿಂದು ಅರ್ಧಾ. ಅಂಥವರಿಗೆ ಮೊದಲ ಒಂದೆರಡು ತಿಂಗಳು ಸಣ್ಣ ಕೂಸನ್ನ ತೊಡಿ ಮ್ಯಾಲೆ ಭಾಳ ಹೊತ್ತು ಕೂಡಿಸಿಕೋಬ್ಯಾಡ್ರಿ, ಬಸರ ಹೆಂಗಸಿಗೆ ಅಂಟಿಕೊಂಡು ಕೂಡಬ್ಯಾಡ್ರಿ ಅಂತಾರ. ಅಪರೂಪಕ್ಕ ಒಂದು ಕಾಳು ಒಂದಕ್ಕ ಹೋದಾಗ ಬಿದ್ರ ಕೈಲೆ ಮುಟ್ಟಬ್ಯಾಡ್ರಿ, ಚಿಮಟಾದಿಂದ ತಗೀರಿ ಅಂತಾರ. ಆದ್ರ ಅವರಿಗೂ ತಾಟು ಬ್ಯಾರೆ ಬ್ಯಾಡ, ಹಾಸಿಗಿ ಬ್ಯಾರೆ ಬ್ಯಾಡ. ಅವರ ಎಂಜಲಕ್ಕ, ಬೆವರಿಗೆ, ಅರಬಿಗೆ ವಿಕಿರಣ ಹತ್ತೂದಿಲ್ಲ.

ಡಾಕ್ಟರು ಹೇಳೋ ಎಚ್ಚರಿಕಿಗೆ ಕಾರಣ ಇರ್ತದ, ಅಳತಿ ಇರ್ತದ, ಮುಗಿಯೋ ದಿವಸ ಇರ್ತದ. ನಮ್ಮ ಎಚ್ಚರಿಕಿಗೆ ಈ ಮೂರೂ ಇಲ್ಲ. ಅದಕ್ಕ ಅದು ಎಚ್ಚರಿಕಿ ಅಲ್ಲ, ಮಡಿ.

ಮತ್ತ ಮಡಿ ಅಂದ್ರ ಏನು ಅಂತ ನಮಗ್ಯಾರೂ ಹೇಳಿ ಕೊಡಬೇಕಾಗಿಲ್ಲ. ತಿಂಗಳಾ ಮೂರು ದಿವಸ ಪಡಸಾಲಿ ಮೂಲ್ಯಾಗ, ಬ್ಯಾರೆ ಚಾಪಿ, ಬ್ಯಾರೆ ತಂಬಿಗಿ ಹಿಡಕೊಂಡು ಕೂತವರು ನಾವು. ಮ್ಯಾಲಿಂದ ನೀರು ಹಾಕಿಸಿಕೊಂಡು ಕುಡದವರು ನಾವು. ಅವಾಗ ಒಳಗ ಎಷ್ಟು ಸಂಕಟ ಆಗ್ತಿತ್ತು ಅಂತ ನೆನಪ ಅದನೋ ಇಲ್ಲೋ? ನಮ್ಮ ಹೆಣ್ಣುಮಕ್ಕಳಿಗೆ ಅದನ್ನ ಬಿಡಿಸಿದೆವು ಅಂತ ಹೆಮ್ಮಿ ಪಡ್ತೀವಿ. ಬಿಡಿಸಿ, ತಿರುಗಿ ಒಬ್ಬ ಬ್ಯಾನಿ ಮನಷ್ಯಾನ ಮ್ಯಾಲೆ ಹಾಕೋದೇನು?

ಇನ್ನೊಂದು ಸಿಟ್ಟು ಅದ, ಅದನ್ನೂ ತೀರಿಸಿಕೋತೇನಿ. ಇಲ್ಲದ ಅಪಾಯಕ್ಕ ಹೆದರಿ ದೂರ ನಿಂತವರು, ಇರೋ ತ್ರಾಸು ಏನು ಅಂತ ಒಬ್ಬರೂ ಕೇಳಲಿಲ್ಲ. ನಳಿ ತಗದ ಮ್ಯಾಲೆ ಒಂದೆರಡು ದಿವಸ ಮೂತ್ರದಾಗ ರಕ್ತ ಬಂತು. ಆಮ್ಯಾಲೆ ವಾರಗಟ್ಟಲೆ ಉರಿ. ರಾತ್ರಿ ಐದಾರು ಸಲ ಏಳೂದು. ಅವಸರ ಆತು ಅಂದ್ರ ಎರಡು ನಿಮಿಷ ತಡಕೊಳ್ಳಿಕ್ಕೆ ಆಗೂದಿಲ್ಲ, ಹೋಗಿ ನಿಂತ್ರ ಧಾರಿ ಸಣ್ಣ. ಕೂತಲ್ಲೆ ನೋವು, ಅದಕ್ಕ ಸೈಕಲ್ ಬಿಟ್ರು. ಮಧ್ಯಾಹ್ನ ಆಗೂದ್ರಾಗ ದಣಿವು. ಗಂಡಾ ಹೆಂಡ್ತಿ ನಡಕಿನ ವಿಷಯದಾಗೂ ತೊಂದ್ರಿ ಬರ್ತದ. ಅದಕ್ಕೂ ಔಷಧ ಅವ, ಕೇಳಿದ್ರ ಡಾಕ್ಟರು ಹೇಳ್ತಾರ. ಕೇಳಬೇಕಂದ್ರ ಮೊದಲ ಬಾಯಿ ಬಿಡಬೇಕಲ್ಲ!

ಇವರು ಬಾಯಿ ಬಿಡಲಿಲ್ಲ. ದೇವಸ್ಥಾನಕ್ಕ ಹೋಗೂದು ನಿಲ್ಲಿಸಿದ್ರು, ಬಚ್ಚಲ ಎಲ್ಲೆ ಅದ ಅಂತ ಗೊತ್ತಿರೂದಿಲ್ಲ ಅಂತ. ಮದುವಿಗೆ ಹೋಗೂದು ನಿಲ್ಲಿಸಿದ್ರು, ಪಂಕ್ತಿ ನಡಕ ಏಳಬೇಕಾಗ್ತದ ಅಂತ. ನೀವು ಅದನ್ನ ನೋಡಿ, "ನೋಡ್ರಿ, ಅವರ ದೂರ ಇರ್ತಾರ, ಎಷ್ಟು ತಿಳವಳಿಕಿ" ಅಂದ್ರಿ. ತಿಳವಳಿಕಿ ಅಲ್ಲವಾ, ನಾಚಿಕಿ.

ಡಾಕ್ಟರು ಧಾರಿ ಸಲೀಸ ಆಗ್ಲಿಕ್ಕೆ ಗುಳಿಗಿ ಕೊಟ್ರು, ಚಹಾ ಕಾಫಿ ಕಡಿಮಿ ಮಾಡ್ಸಿದ್ರು. ತಿಂಗಳು ತಿಂಗಳಿಗೆ ಕಡಿಮಿ ಆಗ್ಲಿಕತ್ತದ. ಕೆಲವು ತಿಂಗಳಿಗೊಮ್ಮೆ ಪಿಎಸ್ಎ ಅಂತ ರಕ್ತದ ಪರೀಕ್ಷಾ ಇರ್ತದ. ಆ ಚೀಟಿ ಕೈಗೆ ಬರೋತನಕ ನಮ್ಮಿಬ್ಬರಿಗೂ ನಿದ್ದಿ ಇಲ್ಲ. ಬ್ರೇಕಿಥೆರಪಿ ಆದ ಮ್ಯಾಲೆ ಒಂದೆರಡು ವರ್ಷದಾಗ ಅದು ಒಮ್ಮೊಮ್ಮೆ ಸ್ವಲ್ಪ ಏರಿ ತಾನ ಇಳೀತದಂತ. ಏರಿದ ಕೂಡಲೇ ಹೌಹಾರಬ್ಯಾಡ್ರಿ ಅಂತ ಮೊದಲ ಹೇಳಿ ಇಟ್ಟಾರ.

ಈಗ ನನ್ನ ಬೇಡಿಕಿ ಕೇಳ್ರಿ. ಫೋನ್ ಮಾಡಿದಾಗ ನನಗ ಮೆತ್ತಗ ಮಾತಾಡಬ್ಯಾಡ್ರಿ. ಹೆದರಿಕಿ ಇದ್ರ ನೆಟ್ಟಗ ಕೇಳ್ರಿ, ಹೇಳ್ತೇನಿ. ನಿಮ್ಮ ಮನಿಯವರು ರಾತ್ರಿ ಮೂರು ಮೂರು ಸಲ ಏಳ್ಲಿಕತ್ತಿದ್ರ ವಯಸ್ಸು ಅಂತ ಬಿಡಬ್ಯಾಡ್ರಿ. ಕ್ಯಾನ್ಸರ್ ಇಲ್ಲದನೂ ಹಂಗ ಆಗ್ತದ, ಆದ್ರ ತೋರಸ್ರಿ.

ಮತ್ತ ಆ ಕೂಸು ಹುಟ್ಟಿದ ಮ್ಯಾಲೆ ತೊಟ್ಟಿಲಕ್ಕ ಹಾಕೋ ದಿವಸ ನಾವಿಬ್ಬರೂ ಬರ್ತೀವಿ. ಕರದ್ರೂ ಬರ್ತೀವಿ, ಕರೀದಿದ್ರೂ ಬರ್ತೀವಿ. ಕೂಸನ್ನ ಇವರ ತೊಡಿ ಮ್ಯಾಲೆ ಕೊಡ್ರಿ. ಪಂಕ್ತಿಯೊಳಗ ತುದಿ ಎಲಿ ಹಾಕ್ರಿ, ದೂರ ಇಡ್ಲಿಕ್ಕೆ ಅಲ್ಲ, ಎದ್ದು ಹೋಗ್ಲಿಕ್ಕೆ ಸಲೀಸ ಆಗ್ಲಿ ಅಂತ. ಬಾಗಲದಾಗ ಕಾಲಿಗೆ ನೀರು ಕೊಟ್ಟ ಕೂಡಲೇ, ಬಚ್ಚಲ ಎಲ್ಲದ ಅಂತ ಇವರಿಗೆ ತೋರಸ್ರಿ. ನನಗ ಸೀರಿ ಉಡಿ ಏನೂ ಬ್ಯಾಡ, ಅಷ್ಟ ಸಾಕು.