ಮಿಷನ್ ನಿಂತರೂ ಕಂತು ನಿಲ್ಲೋದಿಲ್ಲ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಏನು ಮಾಡ್ತೀರಿ? ಹಲ್ಲು ನೋಡ್ತೀರಿ, ಸುಳಿ ನೋಡ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀರಿ. ಆದರೆ ಪೇಟೆಯ ಅಂಗಡಿಯಲ್ಲಿ ವೀಡ್ ಕಟರ್ ಕೊಳ್ಳುವಾಗ? ಬಣ್ಣ ನೋಡಿ, ಸಬ್ಸಿಡಿ ಎಷ್ಟು ಅಂತ ಕೇಳಿ, ಸಹಿ ಹಾಕಿ ಬರ್ತೀರಿ.

ನಾನೂ ಹಾಗೇ ಮಾಡಿದವನೇ. ಅಂಗಡಿ ಮುಂದೆ ಎರಡು ನಿಮಿಷ ಚೆನ್ನಾಗಿ ಓಡಿದ ಮಿಷನ್, ತೋಟದಲ್ಲಿ ಬಿಸಿಯಾಗಿ ನಿಂತ ಮೇಲೆ ಎಷ್ಟು ಹಗ್ಗ ಎಳೆದರೂ ಚಾಲೂ ಆಗಲಿಲ್ಲ. ಮಿಷನ್ ಮೂಲೆ ಸೇರಿತು. ಸಾಲದ ಕಂತು ಮಾತ್ರ ಒಂದು ತಿಂಗಳೂ ತಪ್ಪದೆ ಮನೆಬಾಗಿಲಿಗೆ ಬಂತು.

'ಇದು ಸರ್ಕಾರ ಪರೀಕ್ಷೆ ಮಾಡಿದ ಮಾಲು' ಅಂತ ಅಂಗಡಿಯವರು ಹೇಳ್ತಾರೆ. ಪರೀಕ್ಷೆ ಇರುವುದು ನಿಜ. ಮಧ್ಯಪ್ರದೇಶದ ಬುದ್ನಿಯಲ್ಲಿ, ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಶಕ್ತಿ, ಪೆಟ್ರೋಲ್ ಖರ್ಚು, ಸದ್ದು, ಅದುರು, ಬ್ಲೇಡಿನ ಗಡಸು ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಆದರೆ ಅಳೆಯುವುದು ಅಲ್ಲಿಗೆ ಬಂದ ಮಾದರಿಯನ್ನು. ನಿಮ್ಮ ಕೈಗೆ ಬರುವುದು ಬೇರೊಂದು ಮಿಷನ್. ವರದಿಯೋ ಇಂಗ್ಲಿಷಿನಲ್ಲಿ. ಸಾಲ ನಮ್ಮದು, ವರದಿ ಮಾತ್ರ ನಮಗಲ್ಲವೇ?

ಅಶ್ವಶಕ್ತಿಯ ಅಂಕಿಗೆ ಮರುಳಾಗಬೇಡಿ. ಚೀಟಿಯ ಮೇಲಿರುವುದು ಎಂಜಿನ್ ಒಂದು ವೇಗದಲ್ಲಿ ಕೊಡುವ ಅತಿ ಹೆಚ್ಚಿನ ಶಕ್ತಿ. ದಿನವಿಡೀ ದುಡಿಯುವಾಗ ಅಷ್ಟು ಸಿಗೋದಿಲ್ಲ.

ಅದಕ್ಕೇ ನಿಮ್ಮ ಪರೀಕ್ಷೆ ನೀವೇ ಮಾಡಿ. ದುಡ್ಡು ಕೊಡುವ ಮೊದಲು ಮಿಷನ್ ನಿಮ್ಮ ತೋಟಕ್ಕೆ ಬರಲಿ. ಎಣ್ಣೆ ಬೆರೆಸಿದ ಪೆಟ್ರೋಲ್ ಒಂದು ಲೀಟರ್ ಅಳೆದು ಹಾಕಿ, ಎಷ್ಟು ಗುಂಟೆ ಕೊಯ್ಯುತ್ತೆ ನೋಡಿ. ಎಳೆ ಹುಲ್ಲಲ್ಲ, ಬಲಿತ ಕಳೆ ಕೊಯ್ಯಿಸಿ. ಬಿಸಿ ಇರುವಾಗಲೇ ನಿಲ್ಲಿಸಿ ಮತ್ತೆ ಚಾಲೂ ಮಾಡಿ. ಕ್ಲಚ್ಚು, ಹಗ್ಗ, ಕಾರ್ಬುರೇಟರ್ ಬಿಡಿಭಾಗ ತಾಲ್ಲೂಕಿನಲ್ಲೇ ಸಿಗುತ್ತವೆಯೇ, ಬೆಲೆ ಎಷ್ಟು, ಕೇಳಿ.

ಇಳಿಸಿದ ಮೇಲೆ ಕೈ ನೋಡಿಕೊಳ್ಳಿ. ಬೆರಳು ಜುಮ್ಮೆನ್ನುತ್ತಿದ್ದರೆ ಹಗುರವಾಗಿ ಕಾಣಬೇಡಿ. ವರ್ಷಗಟ್ಟಲೆ ಅದುರು ತಿಂದ ಬೆರಳು ಬಿಳಿಚಿ ಸ್ಪರ್ಶ ಕಳೆದುಕೊಳ್ಳುತ್ತೆ. ಯುರೋಪಿನವರು 2002ರಲ್ಲೇ ಇದಕ್ಕೆ ದಿನದ ಮಿತಿ ಹಾಕಿದರು. ಆ ಲೆಕ್ಕದಲ್ಲಿ ಅದುರು ಇಮ್ಮಡಿಯಾದರೆ ಹಿಡಿದು ದುಡಿಯುವ ಹೊತ್ತು ಕಾಲುಭಾಗಕ್ಕೆ ಇಳಿಯಬೇಕು. ಮಿಷನ್ ಹಿಡಿಯುವವನು ನಿಮ್ಮ ಮಗನಿರಲಿ, ಕೂಲಿಯವನಿರಲಿ, ಬೆರಳು ಬೆರಳೇ.

ರಸೀದಿ, ವಾರಂಟಿ ಚೀಟಿ ಬಿಡದೆ ಇಸ್ಕೊಳ್ಳಿ. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಸರ್ಕಾರವನ್ನು ನಾವು ಕೇಳಬೇಕಾದ್ದು ಇಷ್ಟೇ. ಸಬ್ಸಿಡಿ ಕೊಡುವ ಪ್ರತಿ ಮಿಷನ್ನಿನ ಪರೀಕ್ಷಾ ವರದಿ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ರೈತ ಸಂಪರ್ಕ ಕೇಂದ್ರದ ಗೋಡೆಗೆ ಬರಲಿ. ಪಕ್ಕದಲ್ಲೇ ಬೆಲೆಯೂ ಇರಲಿ. ಮಾದರಿಯನ್ನು ಕಂಪನಿ ಕಳಿಸುವುದಲ್ಲ, ಅಂಗಡಿಯಿಂದಲೇ ಎತ್ತಿ ಪರೀಕ್ಷಿಸಲಿ. ನಮ್ಮ ಅಡಿಕೆ, ಹತ್ತಿಯನ್ನು ಗುಣ ನೋಡದೆ ಯಾವ ವ್ಯಾಪಾರಿಯೂ ಕೊಳ್ಳೋದಿಲ್ಲ. ಅವನ ಮಾಲನ್ನು ನಾವು ಮಾತ್ರ ಕಣ್ಣುಮುಚ್ಚಿ ಯಾಕೆ ಕೊಳ್ಳಬೇಕು?