ಸಲಾದೀನ್ ಬೇಕು, ಅವನ ಜನ ಬೇಡ

ಡಮಾಸ್ಕಸ್ ಕೋಟೆಯ ಮುಂದೆ ಕುದುರೆಯೇರಿದ ಸಲಾದೀನನ ಪ್ರತಿಮೆಯಿದೆ. ಅವನು ಸತ್ತು 800 ವರ್ಷ ತುಂಬಿದ 1993ರಲ್ಲಿ ಹಫೀಜ್ ಅಲ್-ಅಸ್ಸಾದ್ ಸರ್ಕಾರ ನಿಲ್ಲಿಸಿದ್ದು. 2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಕುಟುಂಬದ ಆಳ್ವಿಕೆ ಕುಸಿದಾಗ ಸಿರಿಯಾದ ಜನ ಹಫೀಜ್‌ನ ಪ್ರತಿಮೆಗಳನ್ನು ಎಳೆದು ಉರುಳಿಸಿದರು. ಸಲಾದೀನ್ ಮಾತ್ರ ಹಾಗೇ ಉಳಿದ. ಆ ವಿಡಿಯೋಗಳನ್ನು ನೋಡುತ್ತಾ ನನಗೆ ಅನ್ನಿಸಿದ್ದು ಇಷ್ಟು: ಯಾವ ಸರ್ಕಾರ ಬಂದರೂ ಈ ಮನುಷ್ಯ ಬೇಕು. ಆದರೆ ಅವನು ಹುಟ್ಟಿದ ಸಮುದಾಯ?

ಸಲಾದೀನ್ ಕುರ್ದ್ ಮನೆತನದವನು. ಹುಟ್ಟಿದ್ದು ಈಗಿನ ಇರಾಕಿನ ಟಿಕ್ರಿತ್‌ನಲ್ಲಿ. ಅದೇ ಟಿಕ್ರಿತ್ ಹತ್ತಿರದ ಹಳ್ಳಿಯವನಾದ ಸದ್ದಾಂ ಹುಸೇನ್ ತನ್ನನ್ನು ಎರಡನೇ ಸಲಾದೀನ್ ಎಂದು ಬಿಂಬಿಸಿಕೊಂಡ. 1988ರ ಮಾರ್ಚ್ 16ರಂದು ಅವನದೇ ಸೇನೆ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸುಮಾರು 5,000 ಕುರ್ದರನ್ನು ಕೊಂದಿತು. ಈಜಿಪ್ಟಿನಲ್ಲಿ ನಾಸರ್ ಕಾಲದ 1963ರ ಸಿನಿಮಾ ಸಲಾದೀನನನ್ನು ಅರಬ್ ಐಕ್ಯದ ಹೀರೋ ಮಾಡಿತು. ಸಿರಿಯಾದಲ್ಲಿ 1962ರ ಜನಗಣತಿಯಲ್ಲಿ ಸುಮಾರು 1.2 ಲಕ್ಷ ಕುರ್ದರ ಪೌರತ್ವ ಹೋಯಿತು. ಅಸ್ಸಾದ್‌ಗಳು ದಶಕಗಟ್ಟಲೆ ಅದನ್ನು ಸರಿಪಡಿಸಲೇ ಇಲ್ಲ. 2011ರಲ್ಲಿ ಬೀದಿ ಹೊತ್ತಿಕೊಂಡ ಮೇಲಷ್ಟೇ ಅದರಲ್ಲಿ ಒಂದು ಪಾಲು ಜನರಿಗೆ ಪೌರತ್ವ ಕೊಡಲು ಮುಂದಾದರು. ಆ ಹೊತ್ತಿಗೆ ಕುರ್ದ್ ವೀರನ ಕಂಚಿನ ಪ್ರತಿಮೆಗೆ ಹದಿನೆಂಟು ವರ್ಷ.

ಹಾಗಾದರೆ ನಿಜವಾದ ಸಲಾದೀನ್ ಹೇಗಿದ್ದ? ಸಂತನೇನಲ್ಲ. 1169ರಲ್ಲಿ ಕೈರೋದಲ್ಲಿ ದಂಗೆಯೆದ್ದ ಕಪ್ಪು ಸೈನಿಕರ ಕೇರಿಗೇ ಬೆಂಕಿ ಇಡಿಸಿದ. ಕ್ರುಸೇಡರ್‌ಗಳನ್ನು ಮುರಿಯುವ ಮೊದಲು ವರ್ಷಗಟ್ಟಲೆ ಕಾದಾಡಿದ್ದು ಅಲೆಪ್ಪೋ, ಮೊಸುಲ್‌ನ ಮುಸ್ಲಿಂ ದೊರೆಗಳ ಜೊತೆ. 1187ರ ಜುಲೈನಲ್ಲಿ ಹತ್ತಿನ್ ಯುದ್ಧ ಗೆದ್ದ ಮೇಲೆ ಸೆರೆಸಿಕ್ಕ ಟೆಂಪ್ಲರ್ ಯೋಧರ ತಲೆ ಕಡಿಸಿದ. ಅದೇ ಅಕ್ಟೋಬರ್‌ನಲ್ಲಿ ಜೆರುಸಲೇಮ್ ಶರಣಾದಾಗ ಮಾತ್ರ, 1099ರಲ್ಲಿ ಕ್ರುಸೇಡರ್‌ಗಳು ಅಲ್ಲಿ ಮಾಡಿದಂಥ ಕಗ್ಗೊಲೆ ಮಾಡಿಸಲಿಲ್ಲ. ಗಂಡಸಿಗೆ 10, ಹೆಂಗಸಿಗೆ 5 ದಿನಾರ್ ಕಟ್ಟಿದರೆ ಬಿಡುಗಡೆ. ಕಟ್ಟಲಾಗದ ಸಾವಿರಾರು ಬಡವರು ಗುಲಾಮರಾದರು. ಇದೂ ನಿಜ, ಅದೂ ನಿಜ. ಕೊನೆಗೆ 1192ರಲ್ಲಿ ಇಂಗ್ಲೆಂಡಿನ ರಿಚರ್ಡ್ ಜೊತೆ ಒಪ್ಪಂದ ಮಾಡಿಕೊಂಡು ಕ್ರೈಸ್ತ ಯಾತ್ರಿಕರಿಗೆ ಜೆರುಸಲೇಮಿನ ದಾರಿ ತೆರೆದ.

ಇವನನ್ನು ಕುರ್ದ್ ರಾಷ್ಟ್ರೀಯವಾದಿ ಅಂತ ಕರೆದರೂ ತಪ್ಪೇ. ತುರ್ಕ್ ದೊರೆ ನೂರುದ್ದೀನನ ಕೈಕೆಳಗೆ ಬೆಳೆದವನು, ಕುರ್ದರು ತುರ್ಕರು ಕೂಡಿದ ಸೈನ್ಯ ಕಟ್ಟಿದವನು. ಅವನ ಕಾಲಕ್ಕೆ ರಾಷ್ಟ್ರ ಅನ್ನೋ ಕಲ್ಪನೆಯೇ ಬೇರೆ. ಅರಬ್ ರಾಷ್ಟ್ರೀಯತೆಯ ಅಂಗಿಯನ್ನು ಅವನಿಗೆ ತೊಡಿಸಿದ್ದು ಇಪ್ಪತ್ತನೇ ಶತಮಾನ. ಆ ಅಂಗಿಯಲ್ಲಿ ಗೆಲುವಿಗೆ ಜಾಗವಿತ್ತು, ಒಪ್ಪಂದಕ್ಕೆ ಇರಲಿಲ್ಲ.

ಈಗ ಹೊಸ ಸಿರಿಯಾಕ್ಕೆ ಬನ್ನಿ. 2025ರ ಮಾರ್ಚ್ 10ರಂದು ಹಂಗಾಮಿ ಅಧ್ಯಕ್ಷ ಅಹ್ಮದ್ ಅಲ್-ಶರಾ ಮತ್ತು ಕುರ್ದ್ ಕಮಾಂಡರ್ ಮಜ್ಲೂಮ್ ಅಬ್ದಿ ಸಹಿ ಮಾಡಿದ ಒಪ್ಪಂದ ಕುರ್ದರನ್ನು ದೇಶದ ಅವಿಭಾಜ್ಯ ಭಾಗವೆಂದು ಒಪ್ಪಿತು. ಮೂರೇ ದಿನಕ್ಕೆ ಬಂತು ಮಧ್ಯಂತರ ಸಂವಿಧಾನ ಘೋಷಣೆ. ಅದರಲ್ಲಿ ದೇಶದ ಹೆಸರು ಸಿರಿಯನ್ ಅರಬ್ ಗಣರಾಜ್ಯವಾಗಿಯೇ ಉಳಿಯಿತು, ಅಧಿಕೃತ ಭಾಷೆ ಅರಬಿ ಒಂದೇ. ಆ ಒಂದು ವಾರದಲ್ಲೇ ಇಡೀ ಸಮಸ್ಯೆ ಅಡಗಿದೆ: ಶಾಂತಿಗೆ ಕುರ್ದರ ಸಹಿ ಬೇಕು, ದೇಶದ ಹೆಸರಿನಲ್ಲಿ ಅವರಿಗೆ ಜಾಗವಿಲ್ಲ.

ಸತ್ತ ವೀರ ಆಳುವವರಿಗೆ ಬಹಳ ಅನುಕೂಲ. ಅವನು ಪೌರತ್ವ ಕೇಳಲ್ಲ, ತನ್ನ ಭಾಷೆಯಲ್ಲಿ ಶಾಲೆ ಬೇಕು ಅನ್ನಲ್ಲ. ಅದನ್ನೆಲ್ಲ ಕೇಳುವುದು ಬದುಕಿರುವವರು. ಅದಕ್ಕೇ ಯಾರಾದರೂ ಚರಿತ್ರೆಯ ದೊರೆಗೆ ಹಾರ ಹಾಕುವಾಗ ನಾನು ಪ್ರತಿಮೆಯನ್ನು ನೋಡೋದು ಬಿಟ್ಟಿದ್ದೇನೆ. ಹಾರ ಹಾಕುವವನು ಆ ದೊರೆಯ ಜನರ ಜೊತೆ ಹೇಗೆ ನಡೆದುಕೊಂಡಿದ್ದಾನೆ ಅಂತ ನೋಡ್ತೀನಿ.